ಚೆಂಡುಹೂವಿನ ಹಬ್ಬದ ಅಲಂಕಾರ (ಗುಂಡ್ಲುಪೇಟೆ)

ಚೆಂಡುಹೂವಿನ ಹಬ್ಬದ ಅಲಂಕಾರವು ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಸರಳ ಋತುಮಾನದ ಕೈಗೆಲಸ. ತೋರಣ, ಹಾರ, ಹೂವಿನ ರಂಗೋಲಿ ಮತ್ತು ದೀಪದ ಸುತ್ತಲಿನ ಪುಷ್ಪಸಜ್ಜಿಕೆ ಇದರ ಮುಖ್ಯ ರೂಪಗಳು. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕು ಚೆಂಡುಹೂವಿನ ಬೇಸಾಯಕ್ಕೆ ಹೆಸರಾಗಿದೆ. ಆದರೆ ಇಲ್ಲಿ ಬೆಳೆಯುವ ಹೂವಿನ ದೊಡ್ಡ ಪಾಲು ಅಲಂಕಾರಕ್ಕಲ್ಲದೆ ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ.

ಹೂವು ಮತ್ತು ಹೆಸರು

ಚೆಂಡುಹೂವಿನ ಸಸ್ಯಶಾಸ್ತ್ರೀಯ ಹೆಸರು ಟಾಜೆಟಿಸ್ ಇರೆಕ್ಟ. ಇದರ ಮೂಲ ನೆಲೆ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಕನ್ನಡದಲ್ಲಿ ಇದನ್ನು ಚೆಂಡುಮಲ್ಲಿಗೆ ಎಂದೂ ಕರೆಯುತ್ತಾರೆ. ಗಡಿಯಾಚೆಯ ಮಲಯಾಳದಲ್ಲಿ ಇದು ಚೆಂಡುಮಲ್ಲಿ. ಇಂದು ಯಾವ ಹಬ್ಬವೂ ಈ ಹೂವಿಲ್ಲದೆ ನಡೆಯದು ಎನ್ನುವಷ್ಟು ಬಳಕೆಯಲ್ಲಿದ್ದರೂ ಇದು ಭಾರತಕ್ಕೆ ಹೊರಗಿನಿಂದ ಬಂದ ಸಸ್ಯ. ಮೆಕ್ಸಿಕೊದಲ್ಲಿ ನವೆಂಬರ್ ಆರಂಭದಲ್ಲಿ ಬರುವ ಮೃತರ ಸ್ಮರಣೆಯ ಹಬ್ಬದಂದು ಇದೇ ಹೂವಿನಿಂದ ಮನೆಯ ಪೀಠಗಳನ್ನು ಸಿಂಗರಿಸಿ, ನಡುವೆ ಮೇಣದಬತ್ತಿಗಳನ್ನು ಹಚ್ಚಿಡುವ ಸಂಪ್ರದಾಯವಿದೆ.

ಒಂದು ಹೂವೆಂದು ಕಾಣುವುದು ವಾಸ್ತವವಾಗಿ ನೂರಾರು ಕಿರುಹೂಗಳ ಗೊಂಚಲು. ತೊಟ್ಟಿನ ಬಳಿಯ ಹಸಿರು ಬಟ್ಟಲು ಅವೆಲ್ಲವನ್ನೂ ಹಿಡಿದಿಟ್ಟಿರುತ್ತದೆ. ಸೂಜಿ ಚುಚ್ಚಿದರೂ ಹೂವು ಚದುರದಿರಲು, ಎಸಳು ಬೇಕಾದಾಗ ಒಂದೇ ಹಿಡಿಗೆ ಬಿಡಿಸಿಕೊಳ್ಳಲು ಸಾಧ್ಯವಾಗುವುದು ಈ ರಚನೆಯಿಂದ.

ಬೆಳೆ ಮತ್ತು ಹಬ್ಬದ ಕಾಲ

ಗುಂಡ್ಲುಪೇಟೆ ಭಾಗದಲ್ಲಿ ಚೆಂಡುಹೂವು ಹೆಚ್ಚಾಗಿ ಮಳೆಯಾಶ್ರಿತ ಬೆಳೆ. ಏಪ್ರಿಲ್–ಮೇ ತಿಂಗಳ ಮುಂಗಾರುಪೂರ್ವ ಮಳೆಗೆ ಹೊಲ ಹದಗೊಳ್ಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಯ್ಲು ನಡೆಯುತ್ತದೆ. ಒಂದೇ ಗಿಡದಿಂದ ಹಲವು ಬಾರಿ ಹೂ ಬಿಡಿಸಲಾಗುತ್ತದೆ. ಇದೇ ತಿಂಗಳುಗಳಲ್ಲಿ ಸೂರ್ಯಕಾಂತಿಯೂ ಅರಳುವುದರಿಂದ ಊಟಿ ಮತ್ತು ವಯನಾಡಿಗೆ ಹೋಗುವ ರಸ್ತೆಗಳ ಇಕ್ಕೆಲಗಳಲ್ಲಿ ಪ್ರವಾಸಿಗರು ನಿಂತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಹೊಲಕ್ಕೆ ಇಳಿಯುವವರಿಂದ ಕೆಲವು ರೈತರು ಹಣ ಪಡೆಯುವುದೂ ಉಂಟು. ತುಳಿದ ಗಿಡದ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇದನ್ನು ಅತಿಯೆನ್ನಲಾಗದು.

ಈ ಬೆಳೆಯ ಬಹುಭಾಗ ಗುತ್ತಿಗೆ ಕೃಷಿ. ಕಂಪನಿಗಳು ಬೀಜ ಕೊಟ್ಟು, ಮೊದಲೇ ಗೊತ್ತುಮಾಡಿದ ದರಕ್ಕೆ ಹೂ ಕೊಳ್ಳುತ್ತವೆ. ಹೂವನ್ನು ಹುದುಗಿಸಿ, ಒಣಗಿಸಿ, ದ್ರಾವಕದ ಮೂಲಕ ಲ್ಯೂಟೀನ್ ಎಂಬ ಹಳದಿ ವರ್ಣದ್ರವ್ಯವನ್ನು ಬೇರ್ಪಡಿಸಲಾಗುತ್ತದೆ. ಮೊಟ್ಟೆಯ ಹಳದಿ ಭಾಗಕ್ಕೆ ಗಾಢ ಬಣ್ಣ ಬರಲೆಂದು ಕೋಳಿ ಆಹಾರದಲ್ಲಿ ಇದನ್ನು ಬೆರೆಸುತ್ತಾರೆ. ಕಣ್ಣಿನ ಆರೋಗ್ಯದ ಪೂರಕ ಮಾತ್ರೆಗಳಲ್ಲಿಯೂ ಬಳಸುತ್ತಾರೆ.

ಅಲಂಕಾರದ ಹೂವಿನ ಮಾರುಕಟ್ಟೆ ಬೇರೆ. ಅಲ್ಲಿ ದರ ನಿಗದಿಯಾಗಿರುವುದಿಲ್ಲ. ಹಬ್ಬದ ಹಿಂದಿನ ದಿನ ಏರಿ, ಹಬ್ಬ ಮುಗಿದ ಮರುದಿನವೇ ಕುಸಿಯುತ್ತದೆ. ಹೆಚ್ಚು ಚೆಂಡುಹೂವು ಖರ್ಚಾಗುವ ಆಯುಧಪೂಜೆ, ವಿಜಯದಶಮಿ ಮತ್ತು ದೀಪಾವಳಿ ಬರುವ ವೇಳೆಗೆ ಮುಂಗಾರಿನ ಗುತ್ತಿಗೆ ಬೆಳೆ ಬಹುತೇಕ ಮುಗಿದಿರುತ್ತದೆ. ದಸರೆಗೆ ಹೂ ಬೇಕಾದವರು ನೀರಿನ ಆಸರೆಯಿರುವ ಜಮೀನಿನಲ್ಲಿ ಪ್ರತ್ಯೇಕವಾಗಿ ಸಸಿ ನಾಟಿ ಮಾಡಬೇಕು. ನಾಟಿಯಾದ ಸುಮಾರು ಎರಡು ತಿಂಗಳಿಗೆ ಹೂ ಕೈಗೆ ಬರುವುದರಿಂದ ಕೆಲವೇ ದಿನಗಳ ಲೆಕ್ಕ ತಪ್ಪಿದರೂ ಹಬ್ಬ ಕೈತಪ್ಪುತ್ತದೆ. ಹೂ ಬಿಡಿಸುವ ಹೊತ್ತಿನಲ್ಲಿ ಮಳೆ ಬಂದರೆ ನೀರು ಹಿಡಿದ ಹೂವು ಮೂಟೆಯಲ್ಲೇ ಕೊಳೆಯುತ್ತದೆ. ಗುತ್ತಿಗೆಯ ದರ ಕಡಿಮೆಯಾದರೂ ಅನೇಕ ರೈತರು ಅದನ್ನೇ ಆಯ್ದುಕೊಳ್ಳುವುದಕ್ಕೆ ಈ ಅನಿಶ್ಚಿತತೆ ಒಂದು ಮುಖ್ಯ ಕಾರಣ.

ಗುಂಡ್ಲುಪೇಟೆಯ ಮುಂಗಾರು ಹೂವಿಗೆ ಸಮೀಪವಾಗಿ ಬರುವ ದೊಡ್ಡ ಹಬ್ಬ ಕೇರಳದ ಓಣಂ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬರುವ ಈ ಹಬ್ಬದಲ್ಲಿ ಹತ್ತು ದಿನ ಮನೆಯಂಗಳದಲ್ಲಿ ಪೂಕ್ಕಳಂ ಎಂಬ ಹೂವಿನ ರಂಗೋಲಿ ಹಾಕುತ್ತಾರೆ. ಅದಕ್ಕೆ ಬೇಕಾದ ಹಳದಿ ಮತ್ತು ಕಿತ್ತಳೆ ಹೂವಿನ ಒಂದು ಭಾಗ ಗುಂಡ್ಲುಪೇಟೆಯಿಂದ ಹೋಗುತ್ತದೆ. ಸುಲ್ತಾನ್ ಬತ್ತೇರಿ ಮಾರ್ಗವಾಗಿ ಕೋಯಿಕ್ಕೋಡ್ ತಲುಪುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರ ಅರಣ್ಯದ ನಡುವೆ ಹಾಯುತ್ತದೆ. ವನ್ಯಜೀವಿಗಳ ರಕ್ಷಣೆಗಾಗಿ 2009ರಲ್ಲಿ ಇಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧ ಜಾರಿಗೆ ಬಂದಿತು. ಬೇಗ ಬಾಡುವ ಸರಕಾದ್ದರಿಂದ ಹೂ ಸಾಗಿಸುವವರು ಈ ಗಡಿಯಾರಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.

ಮನೆಯ ಕೈಗೆಲಸದ ಬಗೆಗಳು

ಮಲ್ಲಿಗೆ, ಕನಕಾಂಬರಗಳನ್ನು ಬಾಳೆನಾರು ಅಥವಾ ದಾರದಿಂದ ಗಂಟುಹಾಕಿ ಕಟ್ಟಿದರೆ ಚೆಂಡುಹೂವನ್ನು ಸಾಮಾನ್ಯವಾಗಿ ಸೂಜಿಯಿಂದ ಪೋಣಿಸುತ್ತಾರೆ. ಹಸಿರು ಬಟ್ಟಲಿನ ನಡುವೆ ಸೂಜಿ ಹಾಯಬೇಕು. ಎಸಳಿನ ಬದಿಗೆ ಚುಚ್ಚಿದ ಹೂವು ಸಂಜೆಯೊಳಗೆ ಜಾರುತ್ತದೆ. ಪೋಣಿಸಿದ ಹೂವನ್ನು ಮೊಳ ಮತ್ತು ಮಾರಿನ ಲೆಕ್ಕದಲ್ಲಿಯೂ ಬಿಡಿ ಹೂವನ್ನು ತೂಕದ ಲೆಕ್ಕದಲ್ಲಿಯೂ ಮಾರುತ್ತಾರೆ. ತೋರಣಕ್ಕೆ ಮಾವಿನ ಎಲೆಗಳನ್ನು ದಾರದ ಮೇಲೆ ಮಡಿಸಿ ಸಣ್ಣ ಕಡ್ಡಿಯಿಂದ ಚುಚ್ಚಿ, ಎಲೆಗಳ ನಡುವೆ ಹೂ ಸೇರಿಸುವುದು ರೂಢಿ. ಆಯುಧಪೂಜೆಯಂದು ಇದೇ ಹಾರ ವಾಹನ, ನೇಗಿಲು, ಹೊಲಿಗೆ ಯಂತ್ರಗಳನ್ನೂ ಏರುತ್ತದೆ.

ದೀಪಸಜ್ಜಿಕೆ ಇತ್ತೀಚೆಗೆ ಹೆಚ್ಚು ಪ್ರಚಾರ ಪಡೆದಿರುವ ರೂಪ. ಹಿತ್ತಾಳೆಯ ಉರುಳಿ ಅಥವಾ ಯಾವುದೇ ಅಗಲ ಬಾಯಿಯ ಪಾತ್ರೆಯಲ್ಲಿ ಮುಕ್ಕಾಲು ಭಾಗ ನೀರು ತುಂಬಿ, ಅಂಚಿನುದ್ದಕ್ಕೂ ಇಡೀ ಹೂಗಳನ್ನು, ಒಳಗೆ ಬಿಡಿಸಿದ ಎಸಳುಗಳನ್ನು ತೇಲಿಬಿಡುತ್ತಾರೆ. ನಡುವೆ ತೇಲುವ ಮೇಣದಬತ್ತಿ ಅಥವಾ ನೀರಿಗಿಂತ ಎತ್ತರದ ಪೀಠದ ಮೇಲೆ ಎಣ್ಣೆಯ ಹಣತೆ ಇರುತ್ತದೆ. ಮೇಣದ ಸಾಂದ್ರತೆ ನೀರಿಗಿಂತ ಕಡಿಮೆಯಾದ್ದರಿಂದ ಬತ್ತಿ ಮುಳುಗುವುದಿಲ್ಲ. ಉರಿಯುವ ಬತ್ತಿಗೂ ಹೂವಿಗೂ ನಡುವೆ ಬೆರಳೆರಡು ಅಗಲದಷ್ಟಾದರೂ ತೆರವು ಬಿಡಬೇಕು. ನೀರಿಲ್ಲದ ತಟ್ಟೆಯಲ್ಲಿ ಒಣ ಎಸಳಿನ ನಡುವೆ ದೀಪವಿಡುವುದು ಅಪಾಯಕರ. ನೀರನ್ನು ದಿನವೂ ಬದಲಿಸಿದರೆ ಹೂವು ಎರಡು ಮೂರು ದಿನ ಬಾಳುತ್ತದೆ.

ತಾಜಾ ಹೂವಿಗೆ ಬದಲಾಗಿ ಉಣ್ಣೆ, ಮಣಿ ಅಥವಾ ಕ್ರಾಸ್ ಸ್ಟಿಚ್ ಕಸೂತಿಯ ಬಾಗಿಲುತೋರಣಗಳೂ ಮನೆಗಳಲ್ಲಿವೆ. ಎಳೆ ಎಣಿಸಬಹುದಾದ ಬಟ್ಟೆಯ ಮೇಲೆ ಗುಣಾಕಾರ ಚಿಹ್ನೆಯ ಆಕಾರದಲ್ಲಿ ಹಾಕುವ ಈ ಹೊಲಿಗೆ ಉತ್ತರ ಕರ್ನಾಟಕದ ಕಸೂತಿಯಲ್ಲಿ ಮೆಂತಿ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಇವು ವರ್ಷಗಟ್ಟಲೆ ಬಾಳುತ್ತವೆ. ಹೂ ಬೆಳೆಗಾರನಿಗೆ ನಿಜವಾದ ಪೈಪೋಟಿ ಇವುಗಳಿಂದಲ್ಲ, ಅಗ್ಗದ ಪ್ಲಾಸ್ಟಿಕ್ ಚೆಂಡುಹೂವಿನ ಸರಗಳಿಂದ.

ಹಬ್ಬದ ನಂತರದ ಬಳಕೆ

ಬಾಡಿದ ಹೂವಿನಿಂದ ಬಟ್ಟೆಗೂ ನೂಲಿಗೂ ಬಣ್ಣ ಕಟ್ಟಬಹುದು. ಎಸಳುಗಳನ್ನು ಬಿಡಿಸಿ, ನೆರಳಿನಲ್ಲಿ ಒಣಗಿಸಿ, ನೀರಿನಲ್ಲಿ ಸುಮಾರು ಒಂದು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಲಾಗುತ್ತದೆ. ಹತ್ತಿಗೆ ಬಣ್ಣ ನಿಲ್ಲಲು ಮೊದಲು ಅಣಲೆಕಾಯಿಯ ಕಷಾಯದಲ್ಲಿ, ನಂತರ ಪಟಿಕದ ನೀರಿನಲ್ಲಿ ಅದ್ದಬೇಕು. ಪಟಿಕದಿಂದ ಹಳದಿಯೂ ಕಬ್ಬಿಣದ ಅಂಶ ಸೇರಿದಾಗ ಕಡುಹಸಿರಿನ ಛಾಯೆಯೂ ಬರುತ್ತದೆ. ರೇಷ್ಮೆ ಮತ್ತು ಉಣ್ಣೆ ಹತ್ತಿಗಿಂತ ಸುಲಭವಾಗಿ ಈ ಬಣ್ಣವನ್ನು ಹೀರಿಕೊಳ್ಳುತ್ತವೆ. ಹೀಗೆ ಬಣ್ಣಗಟ್ಟಿದ ನೂಲನ್ನು ಕಸೂತಿಗೆ ಬಳಸಬಹುದು. ಬಿಸಿಲಿಗೆ ಬಣ್ಣ ಮಾಸುವುದರಿಂದ ನೆರಳಿನಲ್ಲಿ ಒಣಹಾಕುವುದು ಒಳ್ಳೆಯದು. ಸೋಸಿ ಉಳಿದ ಎಸಳು ಗೊಬ್ಬರದ ಗುಂಡಿಗೆ ಸೇರುತ್ತದೆ. ನೈಲಾನ್ ದಾರದಲ್ಲಿ ಪೋಣಿಸಿದ್ದರೆ ದಾರವನ್ನು ಮೊದಲೇ ಬಿಡಿಸಿ ತೆಗೆಯಬೇಕು.