ಮರಿಯಮ್ಮನಿಗೆ ಗೌರವ, ದೇವರಿಗೆ ಆರಾಧನೆ: ಒಂದು ಗೆರೆಯ ಚರಿತ್ರೆ

ಹುಮನಾಬಾದ್ ತಾಲೂಕಿನ ಹುಡಗಿಯಿಂದ ಬಸವಕಲ್ಯಾಣದವರೆಗಿನ ಸೀಮೆಯಲ್ಲಿ ಕ್ರೈಸ್ತರು ಎಂದರೆ ಬಹುಮಟ್ಟಿಗೆ ಮೆಥಡಿಸ್ಟರು. ಬೀದರ್ ಇನ್ನೂ ನಿಜಾಮರ ಸಂಸ್ಥಾನದಲ್ಲಿದ್ದಾಗ, 19ನೇ ಶತಮಾನದ ಕೊನೆಗೆ, ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ಈ ಭಾಗದಲ್ಲಿ ನೆಲೆಯೂರಿದರು. ಕ್ಯಾಥೋಲಿಕರ ಸಂಖ್ಯೆ ಇಲ್ಲಿ ಸಣ್ಣದು. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ಸ್ಥಾಪನೆಯಾಗಿ ರಾಬರ್ಟ್ ಮೈಕೆಲ್ ಮಿರಾಂಡ ಅದರ ಮೊದಲ ಬಿಷಪರಾದ ಮೇಲೆ ಈ ಕಡೆಯ ಕ್ಯಾಥೋಲಿಕರಿಗೆ ಹತ್ತಿರದಲ್ಲೇ ಒಂದು ಪೀಠ ಸಿಕ್ಕಿತು. ಕಲಬುರಗಿಯಲ್ಲಿರುವ ಅದರ ಪ್ರಧಾನಾಲಯ ಮರಿಯಮ್ಮನ ಹೆಸರಿನದೇ.

ಎರಡೂ ಮನೆಯವರು ಒಂದೇ ಯೇಸುವಿಗೆ ಪ್ರಾರ್ಥಿಸುತ್ತಾರೆ, ಒಂದೇ ಕ್ರಿಸ್‌ಮಸ್ ಮಾಡುತ್ತಾರೆ. ಆದರೆ ಮೆಥಡಿಸ್ಟ್ ಚರ್ಚಿನ ವೇದಿಕೆಯ ಮೇಲೆ ಬರಿಯ ಶಿಲುಬೆ ಇರುತ್ತದೆ. ಕ್ಯಾಥೋಲಿಕರ ಗುಡಿಯಲ್ಲಿ ಶಿಲುಬೆಯ ಪಕ್ಕಕ್ಕೆ ಮರಿಯಮ್ಮನ ಸ್ವರೂಪ, ಅದರ ಮುಂದೆ ಮೇಣದಬತ್ತಿ, ಹೂವು, ಕೈಯಲ್ಲಿ ಜಪಸರ ಹಿಡಿದವರು. ಅವರು ಮರಿಯಳನ್ನು ದೇವರು ಮಾಡಿದ್ದಾರೆ ಎಂದು ಒಂದು ಕಡೆಯವರ ದೂರು. ಇವರು ಯೇಸುವನ್ನು ಹೆತ್ತ ತಾಯಿಯನ್ನೇ ಹೊರಗೆ ನಿಲ್ಲಿಸಿದ್ದಾರೆ ಎಂದು ಇನ್ನೊಂದು ಕಡೆಯವರ ನೋವು. ಎರಡನ್ನೂ ಇತಿಹಾಸದ ಮುಂದೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಮರಿಯಮ್ಮನ ಬಗ್ಗೆ ಸಭೆ ಗಟ್ಟಿಯಾಗಿ ಮಾತಾಡಿದಾಗಲೆಲ್ಲ ಅದರ ಮನಸ್ಸಿನಲ್ಲಿ ಇದ್ದದ್ದು ಆಕೆಯ ಮಗ. ಮಗನಿಂದ ತಾಯಿಯನ್ನು ಬಿಡಿಸಿ ನೋಡಿದಾಗಲೆಲ್ಲ, ಅದು ಅತಿಯಾದ ಭಕ್ತಿಯಿಂದಾಗಲಿ, ಅತಿಯಾದ ಭಯದಿಂದಾಗಲಿ, ಜಗಳ ಹುಟ್ಟಿದೆ.

ಈ ಜಗಳ ಬಲು ಹಳೆಯದು. 4ನೇ ಶತಮಾನದಲ್ಲಿ ಸೈಪ್ರಸ್ ದ್ವೀಪದ ಸಲಾಮಿಸ್‌ನ ಬಿಷಪ್ ಎಪಿಫಾನಿಯಸ್, ಮರಿಯಮ್ಮನ ಹೆಸರಿನಲ್ಲಿ ರೊಟ್ಟಿ ನೈವೇದ್ಯ ಮಾಡುತ್ತಿದ್ದ ಕೆಲವು ಹೆಂಗಸರ ಗುಂಪೊಂದನ್ನು ಖಂಡಿಸಿ ಬರೆದ. ಮರಿಯಮ್ಮನಿಗೆ ಗೌರವ ಸಲ್ಲಲಿ, ಆರಾಧನೆ ಮಾತ್ರ ತಂದೆ, ಮಗ, ಪವಿತ್ರಾತ್ಮರಿಗೇ ಸಲ್ಲಬೇಕು ಎಂಬುದು ಅವನ ವಾದದ ಸಾರ. ಇಂದು ಯಾವ ಮೆಥಡಿಸ್ಟ್ ಸಭಾಪಾಲಕರೂ, ಯಾವ ಕ್ಯಾಥೋಲಿಕ್ ಗುರುಗಳೂ ಈ ಮಾತನ್ನು ಅಲ್ಲಗಳೆಯಲಾರರು. ತಕರಾರಿರುವುದು ಗೌರವ ಎಲ್ಲಿ ಮುಗಿಯುತ್ತದೆ, ಆರಾಧನೆ ಎಲ್ಲಿ ಶುರುವಾಗುತ್ತದೆ ಎಂಬಲ್ಲಿ.

ಮುಂದಿನ ಶತಮಾನದಲ್ಲಿ ವಿಷಯ ಬೀದಿಗೆ ಬಂತು. ಕಾನ್‌ಸ್ಟಾಂಟಿನೋಪಲ್ಲಿನ ಪೀಠಾಧಿಪತಿ ನೆಸ್ಟೋರಿಯಸ್ ಆಕೆಯನ್ನು ದೇವರ ತಾಯಿ ಎನ್ನುವುದಕ್ಕಿಂತ ಕ್ರಿಸ್ತನ ತಾಯಿ ಎನ್ನುವುದು ಸರಿ ಎಂದ. ದೇವರಿಗೆ ಹುಟ್ಟು ಎಲ್ಲಿಯದು ಎಂಬುದು ಅವನ ಹಿಂಜರಿಕೆ. ಅಲೆಕ್ಸಾಂಡ್ರಿಯದ ಸಿರಿಲ್ ಎದ್ದು ನಿಂತ: ಗರ್ಭದಲ್ಲಿದ್ದವನು ದೇವರೂ ಹೌದು, ಮನುಷ್ಯನೂ ಹೌದು, ಅವನನ್ನು ಎರಡಾಗಿ ಸೀಳಬಾರದು. 431ರಲ್ಲಿ ಎಫೆಸಸ್‌ನಲ್ಲಿ ನಡೆದ ಮಹಾಸಭೆ ಸಿರಿಲ್‌ನ ಪಕ್ಷ ಹಿಡಿಯಿತು, ಮರಿಯಮ್ಮನಿಗೆ ದೇವಮಾತೆ ಎಂಬ ಬಿರುದು ಉಳಿಯಿತು. ಮರಿಯಮ್ಮನನ್ನು ದೇವತೆಯಾಗಿ ಏರಿಸುವುದು ಆ ಸಭೆಯ ಉದ್ದೇಶವಾಗಿರಲಿಲ್ಲ. ಯೇಸು ಯಾರು ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತಿತ್ತು. ಆ ತೀರ್ಮಾನವನ್ನು ಒಪ್ಪದ ಪೂರ್ವದ ಸಭೆಯವರು, ಅಂದರೆ ಪರ್ಷಿಯದ ಕಡೆಯ ಕ್ರೈಸ್ತರು, ದೂರವಾದರು. ಅವರೂ ಆಕೆಯನ್ನು ಪೂಜ್ಯಳೆಂದೇ ಕಂಡರು. 1994ರ ನವೆಂಬರಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮತ್ತು ಆ ಸಭೆಯ ಮುಖ್ಯಸ್ಥ ಮಾರ್ ದಿನ್ಹಾ ಒಂದೇ ಹೇಳಿಕೆಗೆ ಸಹಿ ಹಾಕಿ, ಎರಡು ಬಿರುದುಗಳೂ ಒಂದೇ ನಂಬಿಕೆಯನ್ನು ಹೇಳುತ್ತವೆ ಎಂದು ಒಪ್ಪಿಕೊಂಡರು. ಹದಿನೈದು ಶತಮಾನ ಹಿಡಿದ ರಾಜಿ ಅದು.

787ರಲ್ಲಿ ನೈಸಿಯದ ಎರಡನೇ ಮಹಾಸಭೆ ಪಟ, ಸ್ವರೂಪಗಳ ವಿಷಯದಲ್ಲಿ ಅದೇ ಗೆರೆಯನ್ನು ಮತ್ತೆ ಎಳೆಯಿತು: ಆರಾಧನೆ ದೇವರಿಗೆ, ವಂದನೆ ಸಂತರಿಗೆ, ಚಿತ್ರಕ್ಕೆ ಸಲ್ಲಿಸಿದ ವಂದನೆ ಚಿತ್ರದಲ್ಲಿರುವವರಿಗೆ ಸಲ್ಲುತ್ತದೆ. ಮಧ್ಯಯುಗದ ಪಂಡಿತರು ಮರಿಯಮ್ಮನಿಗೆ ಸಂತರಿಗಿಂತ ಹೆಚ್ಚಿನ, ದೇವರ ಆರಾಧನೆಗಿಂತ ಬೇರೆಯಾದ ಒಂದು ವಿಶೇಷ ವಂದನೆಯ ಸ್ಥಾನ ಕೊಟ್ಟರು. ಪುಸ್ತಕದಲ್ಲಿ ಈ ಲೆಕ್ಕ ಚೊಕ್ಕಟವಾಗಿದೆ. ಹರಕೆ ಹೊತ್ತು ಬರಿಗಾಲಲ್ಲಿ ನಡೆದು ಬಂದವರ ಮನಸ್ಸಿನಲ್ಲೂ ಅದು ಅಷ್ಟೇ ಚೊಕ್ಕಟವಾಗಿರುತ್ತದೆಯೇ ಎಂಬುದು 16ನೇ ಶತಮಾನದ ಸುಧಾರಕರು ಕೇಳಿದ ನ್ಯಾಯವಾದ ಪ್ರಶ್ನೆ.

ಆದರೆ ಆ ಸುಧಾರಕರನ್ನು ನಮ್ಮಲ್ಲಿ ಸರಿಯಾಗಿ ಓದಿದವರು ಕಡಿಮೆ. ಮಾರ್ಟಿನ್ ಲೂಥರ್ 1521ರಲ್ಲಿ, ಅಂದರೆ ರೋಮಿನೊಂದಿಗೆ ಪೂರ್ತಿ ಮುರಿದುಕೊಂಡ ವರ್ಷದಲ್ಲೇ, ಮರಿಯಮ್ಮ ಹಾಡಿದ ಸ್ತೋತ್ರಕ್ಕೆ ಭಕ್ತಿಯಿಂದ ವ್ಯಾಖ್ಯಾನ ಬರೆದ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಬರುವ ಆ ಸ್ತೋತ್ರದಲ್ಲಿ ದೇವರು ಸಿಂಹಾಸನದವರನ್ನು ಇಳಿಸಿ ದೀನರನ್ನು ಮೇಲೆತ್ತುತ್ತಾನೆ, ಹಸಿದವರನ್ನು ತಣಿಸಿ ಸಿರಿವಂತರನ್ನು ಬರಿಗೈಯಲ್ಲಿ ಕಳಿಸುತ್ತಾನೆ. ಏನೂ ಇಲ್ಲದ ಹುಡುಗಿಯನ್ನು ದೇವರು ಕಣ್ಣೆತ್ತಿ ನೋಡಿದ ಎಂಬುದೇ ಲೂಥರನಿಗೆ ಮುಖ್ಯವಾಗಿ ಕಂಡದ್ದು. ಆಕೆಯ ಮೂಲಕ ಬೇಡಿಕೊಳ್ಳುವ ಪದ್ಧತಿಯನ್ನು ಅವನು ಬಿಟ್ಟ, ಆಕೆಯನ್ನು ಬಿಡಲಿಲ್ಲ. ಇನ್ನೊಬ್ಬ ಸುಧಾರಕ ಕಾಲ್ವಿನ್ ಹೆಚ್ಚು ಬಿಗಿ. ಅವನ ದಾರಿ ಹಿಡಿದವರಲ್ಲಿ ಗುಡಿಯ ಸ್ವರೂಪಗಳು ಇಳಿದವು, ಹಬ್ಬಗಳು ನಿಂತವು.

ಬೀದರ್ ಸೀಮೆಯ ಮೆಥಡಿಸ್ಟರಿಗೆ ಇವರಿಬ್ಬರಿಗಿಂತ ಹತ್ತಿರದವನು ಅವರ ಪಂಥದ ಮೂಲಪುರುಷ ಜಾನ್ ವೆಸ್ಲಿ. 1749ರಲ್ಲಿ ಡಬ್ಲಿನ್‌ನಲ್ಲಿದ್ದಾಗ ಅವನು ಒಬ್ಬ ರೋಮನ್ ಕ್ಯಾಥೋಲಿಕನನ್ನು ಉದ್ದೇಶಿಸಿ ಒಂದು ಪತ್ರ ಪ್ರಕಟಿಸಿದ. ಜಗಳ ಬಿಡೋಣ, ಒಪ್ಪುವ ವಿಷಯಗಳನ್ನು ಮೊದಲು ನೋಡೋಣ ಎಂಬ ಧಾಟಿಯ ಪತ್ರ. ಅದರಲ್ಲಿ ಯೇಸು ಕನ್ಯಾ ಮರಿಯಳಲ್ಲಿ ಹುಟ್ಟಿದನೆಂದೂ ಆಕೆ ಹೆರಿಗೆಯ ಮುಂಚಿನಂತೆ ಆಮೇಲೂ ಕನ್ಯೆಯಾಗಿಯೇ ಉಳಿದಳೆಂದೂ ತನ್ನ ನಂಬಿಕೆಯ ಭಾಗವಾಗಿಯೇ ಅವನು ಬರೆದಿದ್ದಾನೆ. ಇದೇ ವೆಸ್ಲಿ 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗೆ ಧರ್ಮಸೂತ್ರಗಳನ್ನು ಸಿದ್ಧಪಡಿಸಿ ಕಳಿಸಿದಾಗ, ಅವುಗಳ 14ನೇ ಸೂತ್ರದಲ್ಲಿ ಸ್ವರೂಪಗಳ ಆರಾಧನೆಯನ್ನೂ ಸಂತರಿಗೆ ಮೊರೆಯಿಡುವುದನ್ನೂ ಬೈಬಲ್ಲಿನಲ್ಲಿ ಆಧಾರವಿಲ್ಲದ ಕಲ್ಪನೆ ಎಂದು ಕಟುವಾಗಿ ತಳ್ಳಿಹಾಕಿದ. ಎರಡೂ ಒಬ್ಬನೇ ಮನುಷ್ಯನ ಮಾತು. ಹುಮನಾಬಾದ್, ಬಸವಕಲ್ಯಾಣದ ಹಳ್ಳಿಗಳಿಗೆ ಮಿಷನ್ ಮೂಲಕ ಬಂದದ್ದು ಆ 14ನೇ ಸೂತ್ರ. ಡಬ್ಲಿನ್ನಿನ ಪತ್ರ ಬರಲೇ ಇಲ್ಲ ಎನ್ನಬೇಕು. ಹೀಗಾಗಿ ಇಲ್ಲಿಯ ಸಭೆಗಳಲ್ಲಿ ಮರಿಯಳ ಹೆಸರು ಡಿಸೆಂಬರಿನಲ್ಲಿ ಕೇಳಿಬಂದು ಜನವರಿಯಲ್ಲಿ ಮರೆಯಾಗುತ್ತದೆ. ಇದನ್ನು ನಾನು ಕೊರತೆ ಎಂದೇ ಎಣಿಸುತ್ತೇನೆ. ಮೊರೆಯಿಡುವುದನ್ನು ಬೇಡವೆಂದ ಸೂತ್ರ ಆಕೆಯನ್ನು ನೆನೆಯುವುದನ್ನು ಬೇಡವೆಂದಿಲ್ಲ.

ಕನ್ನಡ ನಾಡಿನ ಕ್ಯಾಥೋಲಿಕರ ಕಡೆಗೆ ಬಂದರೆ ಕಥೆ ಬೇರೆ. ಕಲ್ಯಾಣ ಕರ್ನಾಟಕದಲ್ಲಿ ಅವರ ಹಳೆಯ ಬೇರು ಮುದಗಲ್ಲಿನದು, ಆದಿಲ್‌ಶಾಹಿ ಕಾಲದ್ದು. ಕರಾವಳಿಯಲ್ಲಿ ಪೋರ್ಚುಗೀಸರೊಡನೆ ಬಂದ ಭಕ್ತಿ ಮೊದಲಿನಿಂದಲೂ ಮರಿಯಮ್ಮನ ಹೆಸರಿನ ಗುಡಿಗಳಲ್ಲಿ ನೆಲೆ ಕಂಡಿತು: ಮಂಗಳೂರಿನ ರೊಸಾರಿಯೊ 1568ರದು, ಮಿಲಾಗ್ರಿಸ್ 1680ರದು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ಮರಿಯಮ್ಮನ ಹುಟ್ಟುಹಬ್ಬ, ಮಾತ್ರ ಬೇರೆಲ್ಲೂ ಇಲ್ಲದ ರೂಪ ಪಡೆಯಿತು. ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡಿಯಲ್ಲಿ 18ನೇ ಶತಮಾನದಲ್ಲಿ ಫಾದರ್ ಜೋಕಿಮ್ ಮಿರಾಂಡ ಇದನ್ನು ಆರಂಭಿಸಿದರು ಎಂಬುದು ಅಲ್ಲಿಯವರು ಹೇಳಿಕೊಂಡು ಬಂದ ಮಾತು. ಒಂಬತ್ತು ದಿನ ಮಕ್ಕಳು ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಗುರುಗಳು ಆಶೀರ್ವದಿಸುತ್ತಾರೆ, ಮನೆಯಲ್ಲಿ ಹೊಸ ಅಕ್ಕಿಯ ಕಾಳು ಬೆರೆಸಿ ಎಲ್ಲರೂ ಒಟ್ಟಿಗೆ ಸಸ್ಯಾಹಾರದ ಊಟ ಮಾಡುತ್ತಾರೆ. 1784ರಲ್ಲಿ ಟಿಪ್ಪುವಿನ ಸೈನ್ಯ ಕರಾವಳಿಯ ಈ ಕ್ಯಾಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು. 1799ರ ನಂತರ ಮರಳಿ ಬಂದವರು ಹೊಲವನ್ನೂ ಹಬ್ಬವನ್ನೂ ಮತ್ತೆ ಕಟ್ಟಿಕೊಂಡರು. ಇದು ಮಣ್ಣಿನ ಹಬ್ಬ, ಮನೆಯ ಹಬ್ಬ. ಇಲ್ಲಿ ಮರಿಯಮ್ಮನನ್ನು ಯಾರಾದರೂ ದೇವರೆಂದುಕೊಂಡಾರು ಎಂಬ ಭಯಕ್ಕೆ ನನಗೆ ಆಧಾರ ಕಾಣುವುದಿಲ್ಲ.

ಬೆಂಗಳೂರಿನ ಶಿವಾಜಿನಗರದಲ್ಲಿ ಚಿತ್ರ ಇನ್ನೂ ದೊಡ್ಡದು. ಟಿಪ್ಪುವಿನ ನಂತರ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅಲ್ಲಿ ಕಟ್ಟಿದ ಸಣ್ಣ ಪ್ರಾರ್ಥನಾಲಯದ ಜಾಗದಲ್ಲಿ 1882ರಲ್ಲಿ ಮರಿಯಮ್ಮನ ಈಗಿನ ಗಾಥಿಕ್ ಶೈಲಿಯ ಗುಡಿ ಎದ್ದಿತು. 1973ರಲ್ಲಿ ರೋಮ್ ಅದಕ್ಕೆ ಬೆಸಿಲಿಕಾ ಸ್ಥಾನ ಕೊಟ್ಟಿತು. ಆಗಸ್ಟ್ 29ಕ್ಕೆ ಧ್ವಜ ಏರಿದರೆ ಸೆಪ್ಟೆಂಬರ್ 8ರ ತೇರಿನವರೆಗೆ ಆ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೀರೆ ಉಟ್ಟ ಮರಿಯಮ್ಮ, ಕಾವಿ ಬಣ್ಣದ ಬಟ್ಟೆ ತೊಟ್ಟು ವ್ರತ ಹಿಡಿದ ಹೆಂಗಸರು, ಹಿಂದೂಗಳು, ಮುಸ್ಲಿಮರು, ಎಲ್ಲರೂ ಅಲ್ಲಿ. ಹರಿಹರದಲ್ಲಿ ತುಂಗಭದ್ರೆಯ ದಡದ ಆರೋಗ್ಯ ಮಾತೆಯ ಹಬ್ಬಕ್ಕೂ ಇಂಥದೇ ಜನ. ಮಗುವಿಲ್ಲದವರು, ರೋಗಿಗಳು, ಸಾಲದಲ್ಲಿ ಸಿಕ್ಕವರು ಬರುತ್ತಾರೆ. ಯಾರೂ ಅವರ ಜಾತಿ ಕೇಳುವುದಿಲ್ಲ. ಇದು ಆ ಭಕ್ತಿಯ ದೊಡ್ಡ ಗುಣ. ಅಪಾಯವೂ ಅಲ್ಲೇ ಇದೆ: ಬೇಡಿದ್ದನ್ನು ಕೊಡುವ ತಾಯಿ ಎಂಬಲ್ಲಿಗೆ ಎಲ್ಲವೂ ನಿಂತುಹೋದರೆ, ಆಕೆ ಕೈ ಮಾಡಿ ತೋರಿಸುವ ಮಗ ಬದಿಗೆ ಸರಿಯುತ್ತಾನೆ. ಪ್ರೊಟೆಸ್ಟೆಂಟರ ಆಕ್ಷೇಪದಲ್ಲಿರುವ ಸತ್ಯವನ್ನು ಕ್ಯಾಥೋಲಿಕ್ ಗುರುಗಳು ಇಲ್ಲಿ ಒಪ್ಪಿ ಕಲಿಸಬೇಕು.

ರೋಮ್ ಕೂಡ ಇದನ್ನು ಕಂಡಿದೆ, ಆದರೆ ತಡವಾಗಿ. 1854ರಲ್ಲಿ ಪೋಪ್ ಒಂಬತ್ತನೇ ಪಯಸ್, ಮರಿಯಮ್ಮ ಗರ್ಭದಲ್ಲಿ ಮೂಡಿದ ಕ್ಷಣದಿಂದಲೇ ಮೂಲಪಾಪದ ಸೋಂಕಿಲ್ಲದವಳು ಎಂದು ವಿಧಿಸಿದರು. 1950ರಲ್ಲಿ ಹನ್ನೆರಡನೇ ಪಯಸ್, ಆಕೆ ಶರೀರ ಸಮೇತ ಸ್ವರ್ಗಕ್ಕೆ ಒಯ್ಯಲ್ಪಟ್ಟಳು ಎಂಬುದನ್ನು ವಿಶ್ವಾಸದ ಸತ್ಯವೆಂದು ಸಾರಿದರು. ಪ್ರೊಟೆಸ್ಟೆಂಟರು ಇದಕ್ಕೆ ಬೈಬಲ್ಲಿನಲ್ಲಿ ಆಧಾರವೆಲ್ಲಿ ಎಂದರು. ಆರ್ಥೊಡಾಕ್ಸ್ ಸಭೆಗಳು ಮರಿಯಮ್ಮನನ್ನು ಯಾರಿಗೂ ಕಡಿಮೆಯಿಲ್ಲದಂತೆ ಕೊಂಡಾಡಿದರೂ 1854ರ ಸೂತ್ರವನ್ನು ಒಪ್ಪಲಿಲ್ಲ. ರೋಮಿನಿಂದ ಬೇರೆಯಾದ ಮಾತ್ರಕ್ಕೆ ಮರಿಯಮ್ಮನಿಂದ ಬೇರೆಯಾಗಬೇಕಿಲ್ಲ ಎಂಬುದಕ್ಕೆ ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರವೇ ಸಾಕ್ಷಿ: 1880ರ ದಶಕದ ಕೊನೆಗೆ ಅಲ್ವಾರಿಸ್ ಮಾರ್ ಜೂಲಿಯಸ್ ಅವರೊಡನೆ ಆರ್ಥೊಡಾಕ್ಸ್ ಸಭೆ ಸೇರಿದ ಅಲ್ಲಿಯ ಕೊಂಕಣಿ ಕ್ರೈಸ್ತರ ಪ್ರಧಾನಾಲಯ ಇಂದಿಗೂ ಸೇಂಟ್ ಮೇರಿಯ ಹೆಸರಿನಲ್ಲಿದೆ.

ತಿರುವು ಬಂದದ್ದು ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ. ಮರಿಯಮ್ಮನಿಗೆ ಪ್ರತ್ಯೇಕ ದಸ್ತಾವೇಜು ಬೇಕೇ, ಸಭೆಯನ್ನು ಕುರಿತ ದಸ್ತಾವೇಜಿನಲ್ಲೇ ಒಂದು ಅಧ್ಯಾಯ ಸಾಕೇ ಎಂಬ ಪ್ರಶ್ನೆಗೆ 1963ರ ಅಕ್ಟೋಬರ್ 29ರಂದು ಮತ ಹಾಕಲಾಯಿತು. ಒಂದೇ ದಸ್ತಾವೇಜು ಸಾಕು ಎಂದವರು 1,114, ಪ್ರತ್ಯೇಕ ಬೇಕೆಂದವರು 1,074. ಅಷ್ಟು ಕಡಿಮೆ ಅಂತರದಲ್ಲಿ ಗೆದ್ದ ನಿರ್ಧಾರ ಇಡೀ ದಿಕ್ಕನ್ನೇ ಬದಲಿಸಿತು. ಮರಿಯಮ್ಮ ಸಭೆಯ ಮೇಲೆ ಎಲ್ಲೋ ನಿಂತವಳಾಗಿ ಉಳಿಯದೆ ಸಭೆಯೊಳಗಿನ ಮೊದಲ ವಿಶ್ವಾಸಿಯಾಗಿ ಕಂಡಳು. ಬೋಧಕರು ಉತ್ಪ್ರೇಕ್ಷೆಯನ್ನೂ ಬಿಡಬೇಕು, ಸಂಕುಚಿತತೆಯನ್ನೂ ಬಿಡಬೇಕು ಎಂದು ಆ ಅಧ್ಯಾಯ ಎಚ್ಚರಿಸಿತು. 1974ರಲ್ಲಿ ಪೋಪ್ ಆರನೇ ಪಾಲ್, ಮರಿಯ ಭಕ್ತಿ ಬೈಬಲ್ಲಿಗೆ ಅಂಟಿಕೊಂಡಿರಬೇಕು, ಇತರ ಕ್ರೈಸ್ತರಿಗೆ ತಪ್ಪು ಕಲ್ಪನೆ ಕೊಡಬಾರದು ಎಂದು ಬರೆದರು. 2025ರ ನವೆಂಬರಿನಲ್ಲಿ ವ್ಯಾಟಿಕನ್ ಹೊರಡಿಸಿದ ಟಿಪ್ಪಣಿ ಇನ್ನೂ ಸ್ಪಷ್ಟ: ಮರಿಯಮ್ಮನನ್ನು ಸಹ-ವಿಮೋಚಕಿ ಎಂದು ಕರೆಯುವುದು ಸೂಕ್ತವಲ್ಲ, ಏಕೆಂದರೆ ವಿಮೋಚಕ ಕ್ರಿಸ್ತನೊಬ್ಬನೇ. ಆಕೆಯನ್ನು ಕ್ಯಾಥೋಲಿಕರು ದೇವರು ಮಾಡಿದ್ದಾರೆ ಎನ್ನುವವರು ಇದನ್ನು ಓದಬೇಕು.

ಪ್ರೊಟೆಸ್ಟೆಂಟರ ಕಡೆಯಿಂದಲೂ ಹೆಜ್ಜೆಗಳು ಬಿದ್ದಿವೆ. 1995ರಲ್ಲಿ ಬ್ರಿಟನ್ನಿನ ಮೆಥಡಿಸ್ಟ್ ಮತ್ತು ಕ್ಯಾಥೋಲಿಕ್ ಸಮಿತಿ ಒಟ್ಟಿಗೆ ಕೂತು ಮರಿಯಮ್ಮನ ಬಗ್ಗೆ ಪುಸ್ತಿಕೆ ತಂದಿತು. 2005ರಲ್ಲಿ ಆಂಗ್ಲಿಕನ್ನರೂ ಕ್ಯಾಥೋಲಿಕರೂ ಒಂದು ಜಂಟಿ ಹೇಳಿಕೆ ಪ್ರಕಟಿಸಿದರು. ಎಲ್ಲ ಭಿನ್ನಾಭಿಪ್ರಾಯ ಮುಗಿದಿಲ್ಲ, ಮುಗಿಯುವುದೂ ಬೇಡ. ಆದರೆ ಈ ಮಾತುಕತೆಗಳಾವುವೂ ಕನ್ನಡದ ಸಾಮಾನ್ಯ ವಿಶ್ವಾಸಿಯ ಕೈಗೆ ತಲುಪಿಲ್ಲ. ಆ ಜಾಗದಲ್ಲಿ ಹೊಸ ಪೆಂತೆಕೊಸ್ತ್ ಸಭೆಗಳ ಏರುದನಿಯ ಖಂಡನೆಯೇ ಹೆಚ್ಚು ಕೇಳುತ್ತದೆ.

ಬೀದರ್ ಸೀಮೆಗೆ ಈ ಪ್ರಶ್ನೆ ಪರಕೀಯವೂ ಅಲ್ಲ. ಯಾವುದಕ್ಕೆ ಕೈ ಮುಗಿಯಬೇಕು, ಯಾವುದಕ್ಕೆ ಮುಗಿಯಬಾರದು ಎಂದು 12ನೇ ಶತಮಾನದ ಕಲ್ಯಾಣದಲ್ಲಿ ಶರಣರು ಕೇಳಿದರು. ಇಲ್ಲಿಯ ಮುಸ್ಲಿಮರ ಕುರ್‌ಆನಿನಲ್ಲಿ 19ನೇ ಅಧ್ಯಾಯಕ್ಕೆ ಮರ್ಯಮ್ ಎಂದೇ ಹೆಸರು. ಅಲ್ಲಿ ಆಕೆ ಪರಮ ಪೂಜ್ಯಳು, ಆದರೆ ಆರಾಧ್ಯಳಲ್ಲ. ನೆರೆಹೊರೆಯವರಿಗೇ ಗೊತ್ತಿರುವ ಈ ಗೆರೆಯನ್ನು ಕ್ರೈಸ್ತರು ತಮ್ಮೊಳಗೆ ಗುರುತಿಸಲಾರದೆ ಜಗಳಾಡುವುದು ದುಃಖದ ವಿಷಯ.

ಹುಮನಾಬಾದ್, ಬಸವಕಲ್ಯಾಣದ ಸಭಾಪಾಲಕರಲ್ಲೂ ಗುರುಗಳಲ್ಲೂ ನನ್ನ ಬೇಡಿಕೆ ಒಂದೇ. ಕ್ರಿಸ್‌ಮಸ್‌ಗೆ ಮುಂಚಿನ ಯಾವುದಾದರೂ ಭಾನುವಾರ ಎರಡೂ ಸಭೆಯವರನ್ನು ಒಂದು ಕಡೆ ಕೂರಿಸಿ. ಜಪಸರವೂ ಬೇಡ, 14ನೇ ಸೂತ್ರವೂ ಬೇಡ. ಲೂಕನ ಮೊದಲ ಅಧ್ಯಾಯವನ್ನು, ಮರಿಯಮ್ಮನ ಆ ಸ್ತೋತ್ರವನ್ನು, ಊರಿನ ಹೆಣ್ಣುಮಕ್ಕಳ ಕೈಯಲ್ಲೇ ಗಟ್ಟಿಯಾಗಿ ಓದಿಸಿ. ಚರ್ಚೆಯನ್ನು ಆಮೇಲೆ ಮಾಡೋಣ.