ಆಲ್-ಟೆರೇನ್ ಟೈರು (ಚಳಿಗಾಲದ ಬಳಕೆ)

ಡಾಂಬರು ರಸ್ತೆಗೂ ಕಚ್ಚಾ ಹಾದಿಗೂ ಒಗ್ಗುವ, ಉತ್ತರ ಅಮೆರಿಕದ ಪಿಕಪ್ ಟ್ರಕ್ಕುಗಳಲ್ಲಿ ಸಾಮಾನ್ಯವಾದ ಟೈರು. ಅದರ ದಪ್ಪ ಬಟನ್‌ಗಳನ್ನು ಕಂಡು ಹಿಮಕ್ಕೂ ಆದೀತೆಂದು ನಂಬುವವರು ಬಹಳ. ಆದರೆ ರಬ್ಬರಿನ ಮೆದುತನವೂ ಅಷ್ಟೇ ಮುಖ್ಯ: ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸಾಮಾನ್ಯ ರಬ್ಬರು ಬಿರುಸಾಗಿ ಹಿಡಿತ ತಪ್ಪತೊಡಗುತ್ತದೆ. ಟೈರಿನ ಪಕ್ಕದಲ್ಲಿರುವ ‘ಎಂ+ಎಸ್’ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಗುರುತು ಬಟನ್‌ಗಳ ವಿನ್ಯಾಸವನ್ನಷ್ಟೇ ಹೇಳುತ್ತದೆ. ಮೂರು ಶಿಖರಗಳೊಳಗೆ ಹಿಮಹರಳಿರುವ ಚಿಹ್ನೆ ಬೇಕಾದರೆ ಹಿಮದ ಮೇಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ; ಅಲ್ಲಿ ಬರಿಯ ‘ಎಂ+ಎಸ್’ ಸಾಲದು. ಖಾಲಿ ಪಿಕಪ್ಪಿನ ಹಿಂಬದಿ ಹಗುರ, ಹಾಗಾಗಿ ಹಿಂಚಕ್ರಗಳು ಬೇಗ ಜಾರುತ್ತವೆ. ನಾಲ್ಕು ಚಕ್ರಗಳ ಚಾಲನೆ ಗಾಡಿ ಹೊರಡಿಸಲು ನೆರವಾಗುತ್ತದೆ, ಬ್ರೇಕ್ ಹಾಕಿದಾಗ ಅದರಿಂದ ಪ್ರಯೋಜನವಿಲ್ಲ.