ಷರತ್ತಿಲ್ಲದ ವಾಗ್ದಾನ: ಬೇತೇಲ್, ಕೆಡಗಾಂವ್ ಮತ್ತು ಪಂಡಿತಾ ರಮಾಬಾಯಿಯವರ ವಿಶ್ವಾಸ

ಛತ್ರಪತಿ ಸಂಭಾಜಿನಗರದಿಂದ ಪೂರ್ವಕ್ಕೆ ಜಾಲ್ನಾ ಕಡೆ ಹೊರಟರೆ ದಾರಿಯಲ್ಲಿ ಶೇಂದ್ರಾದ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅದನ್ನು ದಾಟಿ ಮುಂದೆ ಹೋದರೆ, ಜಾಲ್ನಾದ ಬಳಿ, ನಾರಾಯಣ ಶೇಷಾದ್ರಿಯವರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದ ಕ್ರೈಸ್ತ ಹಳ್ಳಿ ಬೇತೇಲ್. ಶೇಷಾದ್ರಿ ಬ್ರಾಹ್ಮಣ ಮನೆತನದವರು. 1843ರಲ್ಲಿ ಮುಂಬಯಿಯಲ್ಲಿ ಸ್ಕಾಟಿಷ್ ಮಿಷನಿನವರಿಂದ ದೀಕ್ಷಾಸ್ನಾನ ಪಡೆದರು. ಅಣ್ಣನ ಹಿಂದೆಯೇ ಹೋಗಿದ್ದ ತಮ್ಮ ಶ್ರೀಪತಿಯನ್ನು ನ್ಯಾಯಾಲಯ ತಂದೆಗೆ ಒಪ್ಪಿಸಿತು. ಆ ಹುಡುಗನನ್ನು ಪ್ರಾಯಶ್ಚಿತ್ತ ಮಾಡಿಸಿ ಜಾತಿಗೆ ಮರಳಿ ಸೇರಿಸಿಕೊಳ್ಳಬಹುದೇ ಎಂಬ ವಿವಾದ ಮುಂಬಯಿಯ ಬ್ರಾಹ್ಮಣ ಸಮಾಜವನ್ನು ಇಬ್ಭಾಗ ಮಾಡಿತು. ಸೇರಿಸಿಕೊಳ್ಳಬೇಕೆಂದು ವಾದಿಸಿದವರಲ್ಲಿ ಸುಧಾರಕ ಬಾಳಶಾಸ್ತ್ರಿ ಜಾಂಭೇಕರ್ ಮುಖ್ಯರು. ಮನೆ, ತಮ್ಮ, ಜಾತಿ ಮೂರೂ ಕೈತಪ್ಪಿದ ಮನುಷ್ಯ ಮುಂದೆ ನಿಜಾಮರ ಸೀಮೆಗೆ ಬಂದು, ಹೆಚ್ಚಾಗಿ ಅಸ್ಪೃಶ್ಯರೆನಿಸಿದ್ದ ಮಾಂಗ್ ಸಮುದಾಯದಿಂದ ಬಂದ ವಿಶ್ವಾಸಿಗಳಿಗಾಗಿ ಊರು ಕಟ್ಟಿದರು ಎಂಬುದನ್ನು ನೆನಪಿನಲ್ಲಿಟ್ಟರೆ ಆ ಹೆಸರಿನ ಆಯ್ಕೆ ಆಕಸ್ಮಿಕ ಅನ್ನಿಸುವುದಿಲ್ಲ.

ಆದಿಕಾಂಡದ 28ನೆಯ ಅಧ್ಯಾಯದಲ್ಲಿ ಯಾಕೋಬನೂ ಮನೆ ಬಿಟ್ಟು ಓಡುತ್ತಿರುವವನೇ. ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗಿದವನಿಗೆ ಕನಸಿನಲ್ಲಿ ದೇವರ ಮಾತು ಕೇಳುತ್ತದೆ: ನಾನು ನಿನ್ನ ಸಂಗಡ ಇರುತ್ತೇನೆ, ಹೋದಲ್ಲೆಲ್ಲ ಕಾಯುತ್ತೇನೆ, ಈ ನೆಲಕ್ಕೆ ಮರಳಿ ಕರೆತರುತ್ತೇನೆ ಎಂಬ ಅರ್ಥದ ವಾಗ್ದಾನ. ಅದರಲ್ಲಿ ಯಾವ ಷರತ್ತೂ ಇಲ್ಲ. ಬೆಳಿಗ್ಗೆ ಎದ್ದು ಆ ಜಾಗಕ್ಕೆ ಬೇತೇಲ್ ಎಂದು ಹೆಸರಿಟ್ಟ ಯಾಕೋಬ ಮಾತ್ರ ಹರಕೆ ಹೊರುವಾಗ ಷರತ್ತು ಹಾಕುತ್ತಾನೆ: ತಿನ್ನಲು ಅನ್ನ, ಉಡಲು ಬಟ್ಟೆ ಸಿಕ್ಕಿ, ಸುಖವಾಗಿ ತಂದೆಯ ಮನೆಗೆ ಮರಳಿದರೆ ಈತನೇ ನನ್ನ ದೇವರು. ಉಪದೇಶಿಗಳು ಈ ಎರಡನೆಯ ಭಾಗವನ್ನು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ನನಗೆ ಅದೇ ಮುಖ್ಯ. ರಕ್ಷಣೆಯ ವಾಗ್ದಾನವನ್ನು ನಂಬುವುದೆಂದರೆ ಏನು ಎಂಬ ಪ್ರಶ್ನೆ ಈ ಎರಡು ಮಾತುಗಳ ನಡುವಿನ ಅಂತರದಲ್ಲಿಯೇ ಇದೆ, ಮತ್ತು ಪಶ್ಚಿಮ ಭಾರತದಲ್ಲಿ ಆ ಅಂತರವನ್ನು ಪಂಡಿತಾ ರಮಾಬಾಯಿಯವರಷ್ಟು ತೀವ್ರವಾಗಿ ಬದುಕಿ ಬರೆದವರು ಇನ್ನೊಬ್ಬರಿಲ್ಲ ಎಂಬುದು ಈ ಲೇಖನದ ವಾದ.

ಕ್ರೈಸ್ತ ಹಳ್ಳಿಗಳ ಬಗ್ಗೆ ಆಗಿನಿಂದಲೂ ಇರುವ ಆಕ್ಷೇಪ ಗೊತ್ತಿರುವಂಥದೇ: ಜನ ನಂಬಿದ್ದು ದೇವರ ಮಾತನ್ನೋ, ಮಿಷನಿನ ಕಾಳುಕಡ್ಡಿಯನ್ನೋ? ನಾಸಿಕದ ಶರಣಪುರಕ್ಕೂ ಈ ಪ್ರಶ್ನೆ ತಪ್ಪಲಿಲ್ಲ. ಚರ್ಚ್ ಮಿಷನರಿ ಸೊಸೈಟಿಯ ವಿಲಿಯಂ ಸಾಲ್ಟರ್ ಪ್ರೈಸ್ 1850ರ ದಶಕದಲ್ಲಿ ಸ್ಥಾಪಿಸಿದ ಆ ವಸತಿಯಲ್ಲಿ, ಅರಬ್ಬಿ ಸಮುದ್ರದ ಗುಲಾಮ ಹಡಗುಗಳಿಂದ ಬಿಡಿಸಿ ತಂದ ಆಫ್ರಿಕನ್ ಮಕ್ಕಳೂ ಬೆಳೆದರು. ಅವರಲ್ಲೊಬ್ಬ ಜೇಕಬ್ ವೇನ್‌ರೈಟ್. 1873ರಲ್ಲಿ ತೀರಿಕೊಂಡ ಡೇವಿಡ್ ಲಿವಿಂಗ್‌ಸ್ಟನ್ನರ ದೇಹವನ್ನು ಸಮುದ್ರತೀರದವರೆಗೆ ಹೊತ್ತು ತಂದ ತಂಡದಲ್ಲಿದ್ದವನು. ಅನ್ನ ಮತ್ತು ಆಶ್ರಯ ಇಂಥ ಊರುಗಳಲ್ಲಿ ವಿಶ್ವಾಸದ ಜೊತೆಗೇ ಬಂದವು, ಅದನ್ನು ಮುಚ್ಚಿಡಬೇಕಾಗಿಲ್ಲ. ಹಸಿದವನು ಅನ್ನದ ಮೂಲಕ ದೇವರನ್ನು ಗುರುತಿಸಿದರೆ ಅದು ಕೀಳು ವಿಶ್ವಾಸ ಎನ್ನುವುದು ಹೊಟ್ಟೆ ತುಂಬಿದವರ ತೀರ್ಪು. ಆದರೆ ಅನ್ನ ನಿಂತ ದಿನ ಏನು ಉಳಿಯುತ್ತದೆ ಎಂದು ಕೇಳಲೇಬೇಕಾಗುತ್ತದೆ. ರಮಾಬಾಯಿ ಅದನ್ನು ಕ್ರೈಸ್ತರಾಗುವುದಕ್ಕೆ ಬಹಳ ಮೊದಲೇ ಕೇಳಿದ್ದರು.

ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ಕಾರಣಕ್ಕೆ ಊರಿನವರ ವಿರೋಧ ಕಟ್ಟಿಕೊಂಡು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಮಾಡಿಕೊಂಡರು. ರಮಾಬಾಯಿ ಹುಟ್ಟಿದ್ದು ಅಲ್ಲೇ, 1858ರಲ್ಲಿ. ಕೈಯಲ್ಲಿದ್ದುದು ಕರಗಿದ ಮೇಲೆ ಕುಟುಂಬ ಪುರಾಣ ಹೇಳುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯಿತು. 1870ರ ದಶಕದ ಬರಗಾಲ ಅವರನ್ನು ಹಿಡಿದದ್ದು ದಕ್ಷಿಣದಲ್ಲಿ. ತಮ್ಮ ಬರಗಾಲದ ಅನುಭವಗಳನ್ನು ಬರೆಯುವಾಗ ಅವರು ಕೊಡುವ ವಿವರ ಮರೆಯುವಂಥದಲ್ಲ. ಒಡವೆ, ಪಾತ್ರೆ, ಕೊನೆಗೆ ಅಕ್ಕಿ ಎಲ್ಲ ಮುಗಿದು, ಭಿಕ್ಷೆಗೆ ಅಭಿಮಾನ ಬಿಡದೆ, ಸಾಯುವುದಕ್ಕೆಂದೇ ಕಾಡು ಹೊಕ್ಕರು. ಹನ್ನೊಂದು ದಿನ ನೀರು, ಎಲೆ, ಒಂದು ಹಿಡಿ ಕಾಡು ಖರ್ಜೂರ. ಕಣ್ಣು ಮಂಜಾದ ವೃದ್ಧ ತಂದೆ ಹತ್ತಿರದ ಪುಣ್ಯತೀರ್ಥದಲ್ಲಿ ಜಲಸಮಾಧಿಗೆ ನಿರ್ಧರಿಸಿ, ಕಿರಿಯ ಮಗಳನ್ನು ತಬ್ಬಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಬದುಕಿರುವವರೆಗೆ ಅವನನ್ನೇ ಸೇವಿಸು ಎಂದರು. ಕೂಲಿ ಮಾಡಿಯಾದರೂ ಸಾಕುತ್ತೇನೆಂದು ಮಗ ತಡೆದ. ಆದರೂ ತಂದೆ ಉಳಿಯಲಿಲ್ಲ. ಸ್ವಲ್ಪ ಕಾಲದಲ್ಲೇ ತಾಯಿ, ಅಕ್ಕ ಕೂಡ ಹೋದರು.

ಶಾಸ್ತ್ರ ಹೇಳಿದ ಷರತ್ತುಗಳನ್ನೆಲ್ಲ ನಾವು ಪೂರೈಸಿದೆವು, ದಾನ ಕೊಟ್ಟೆವು, ಉಪವಾಸ ಮಾಡಿದೆವು, ಜಪಿಸಿದೆವು, ಆದರೂ ಹೇಳಿದ ಫಲ ಬರಲಿಲ್ಲ ಎಂಬುದು ಆ ಅನುಭವದಿಂದ ಅವರು ಕಂಡುಕೊಂಡದ್ದು. ಇದನ್ನು ಹಿಂದೂ ಧರ್ಮದ ಮೇಲಿನ ಅಂತಿಮ ತೀರ್ಪಾಗಿ ಓದುವ ಅಗತ್ಯವಿಲ್ಲ. ಶರಣರ, ದಾಸರ ನಾಡಿನವರಾದ ನಮಗೆ ಷರತ್ತಿಲ್ಲದ ಕೃಪೆಯ ಮಾತು ಹೊಸದೂ ಅಲ್ಲ. ರಮಾಬಾಯಿಯವರ ಮನೆ ನಂಬಿಕೊಂಡಿದ್ದುದು ವ್ರತ-ಫಲದ ಲೆಕ್ಕವನ್ನು, ಮತ್ತು ಮುರಿದದ್ದು ಆ ಲೆಕ್ಕ.

1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಅವರಿಗೆ ದೀಕ್ಷಾಸ್ನಾನವಾಯಿತು. ಅಷ್ಟರಲ್ಲಿ ಅಣ್ಣ ತೀರಿಕೊಂಡಿದ್ದ. ಗಂಡ ಬಿಪಿನ್ ಬಿಹಾರಿ ಮೇಧಾವಿ ಮದುವೆಯಾದ ಎರಡು ವರ್ಷದೊಳಗೆ ಕಾಲರಾಕ್ಕೆ ಬಲಿಯಾಗಿದ್ದರು. ಮಡಿಲಲ್ಲಿ ಮಗಳು ಮನೋರಮಾ. ದೀಕ್ಷಾಸ್ನಾನದ ನಂತರ ವಾಂಟೇಜ್‌ನ ಸನ್ಯಾಸಿನಿ ಸಿಸ್ಟರ್ ಜೆರಾಲ್ಡಿನ್ ಅವರೊಡನೆ ನಡೆದ ಪತ್ರವ್ಯವಹಾರ 1977ರಲ್ಲಿ ಎ. ಬಿ. ಶಾ ಅವರ ಸಂಪಾದನೆಯಲ್ಲಿ ಪ್ರಕಟವಾಗಿದೆ. ತ್ರಯೇಕತ್ವದ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ ರಮಾಬಾಯಿ ಅಲ್ಲಿ ವಾದಿಸುತ್ತಲೇ ಇರುತ್ತಾರೆ. ಒಂದು ಅಧಿಕಾರದಿಂದ ಬಿಡಿಸಿಕೊಂಡು ಬಂದವಳು ಇನ್ನೊಂದಕ್ಕೆ ತಲೆ ಬಾಗಿಸಲಾರೆ ಎಂಬುದು ಆ ಪತ್ರಗಳ ಧಾಟಿ. ವಿದ್ವಾಂಸರು ಈ ಸ್ವಾತಂತ್ರ್ಯವನ್ನು ಮೆಚ್ಚಿ ಬರೆದಿದ್ದಾರೆ, ಮೆಚ್ಚಬೇಕಾದ್ದೇ. ಆದರೆ ರಮಾಬಾಯಿ ಸ್ವತಃ 1907ರ ತಮ್ಮ ಸಾಕ್ಷ್ಯದಲ್ಲಿ ಆ ಕಾಲವನ್ನು ಬೇರೆ ಬಗೆಯಲ್ಲಿ ನೋಡುತ್ತಾರೆ: ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳ ಮೇಲೆ, ತನ್ನಲ್ಲಿ ತೋರಿಸಿಕೊಳ್ಳುವ ಪುಣ್ಯ ಏನೂ ಇಲ್ಲವೆಂದು ಒಪ್ಪಿ, ದೇವರ ಮಾತನ್ನು ಕೊಟ್ಟ ಹಾಗೆಯೇ ತೆಗೆದುಕೊಂಡಾಗ ಮಾತ್ರ ಮನಸ್ಸು ನೆಲೆ ನಿಂತಿತು ಎನ್ನುತ್ತಾರೆ.

ಇಲ್ಲಿ ಆಕರದ ಬಗ್ಗೆ ಎಚ್ಚರ ಬೇಕು. ಅದು ಹಲವು ವರ್ಷಗಳ ನಂತರ, ಕೆಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಸದನದಲ್ಲಿ 1905ರ ಉಜ್ಜೀವನ ನಡೆದ ಮೇಲೆ ಬರೆದ ಸಾಕ್ಷ್ಯ. ಆ ನಡುವೆ ತಾವು ಓದಿದ ವಿಲಿಯಂ ಹ್ಯಾಸ್ಲಮ್ ಅವರ ಆತ್ಮಕಥೆಯನ್ನು ಅವರೇ ಹೆಸರಿಸುತ್ತಾರೆ. ಹ್ಯಾಸ್ಲಮ್ ಕೂಡ ಪಾದ್ರಿಯಾಗಿ ವರ್ಷಗಳು ಕಳೆದ ಮೇಲೆ ‘ನಿಜವಾದ’ ಪರಿವರ್ತನೆ ಕಂಡವರು. ಮೊದಲು ಹೆಸರಿಗೆ ಕ್ರೈಸ್ತ, ಆಮೇಲೆ ನಿಜದ ಕ್ರೈಸ್ತ ಎಂಬ ಈ ಚೌಕಟ್ಟು ಇವ್ಯಾಂಜೆಲಿಕಲ್ ಪಂಥದ ಸಿದ್ಧ ಚೌಕಟ್ಟು, ಅದನ್ನು ರಮಾಬಾಯಿ ಎರವಲು ಪಡೆದರು ಎಂಬ ವಾದವನ್ನು ತಳ್ಳಿಹಾಕಲಾಗದು. ಚೌಕಟ್ಟು ಎರವಲಿನದೇ ಇರಬಹುದು. ಅದರೊಳಗಿನ ಪ್ರಶ್ನೆ ಮಾತ್ರ ಹನ್ನೊಂದು ದಿನದ ಆ ಕಾಡಿನಿಂದ ಬಂದದ್ದು. ಷರತ್ತು ಪೂರೈಸಿಯೂ ಫಲ ಕಾಣದವರಿಗೆ ಅಬ್ರಹಾಮನ ಕಥೆ, ರೋಮಾಪುರದವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ ಪೌಲ ಅದನ್ನು ಓದುವ ರೀತಿಯಲ್ಲಿ, ಪುಸ್ತಕದ ಸಿದ್ಧಾಂತವಾಗಿ ಉಳಿಯಲು ಸಾಧ್ಯವಿರಲಿಲ್ಲ. ಕೆಲಸ ಮಾಡಿದವನಿಗೆ ಕೊಡುವುದು ಕೂಲಿ. ನಂಬಿದವನಿಗೆ ಸಿಗುವುದು ಕೃಪೆ.

ಈ ವಿಶ್ವಾಸಕ್ಕೆ ಜಮಾಖರ್ಚಿನ ಪರೀಕ್ಷೆಯೂ ಬಂತು. 1887ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ರಮಾಬಾಯಿ ಅಸೋಸಿಯೇಷನ್ ಅವರ ಶಾಲೆಗೆ ಹತ್ತು ವರ್ಷ ಹಣ ಕೊಡುವ ಭರವಸೆ ನೀಡಿತ್ತು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಆ ಶಾಲೆ, ಶಾರದಾ ಸದನ, ತೆರೆಯಿತು, ಮುಂದಿನ ವರ್ಷ ಪುಣೆಗೆ ಹೋಯಿತು. ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಬಂದು ಕೂರುತ್ತಾರೆಂಬ ಸುದ್ದಿ ಹಬ್ಬಿ 1893ರಲ್ಲಿ ಸುಧಾರಕರಾದ ರಾನಡೆ, ಭಂಡಾರಕರ್ ಸಲಹಾ ಮಂಡಳಿಯಿಂದ ಹೊರಬಂದರು, ಪೋಷಕರು ಮಕ್ಕಳನ್ನು ಕರೆದೊಯ್ದರು. ಮತಬೋಧನೆ ಇಲ್ಲದ ಶಾಲೆ ಎಂದು ಒಪ್ಪಿದ್ದವರಿಗೆ ಮೋಸ ಹೋದೆವು ಅನ್ನಿಸಿದ್ದು ಸಹಜ. ಅದರ ಬೆನ್ನಿಗೇ 1896–97ರ ಬರ. ಮಧ್ಯ ಪ್ರಾಂತಗಳಿಗೆ ತಾವೇ ಹೋಗಿ ಅನಾಥ ಹುಡುಗಿಯರನ್ನು ಕರೆತಂದು ಪುಣೆ ಜಿಲ್ಲೆಯ ಕೆಡಗಾಂವ್‌ನ ಹೊಲದಲ್ಲಿ ನೆಲೆ ಕೊಟ್ಟರು. ಹತ್ತು ವರ್ಷದ ಭರವಸೆಯ ಅವಧಿ ಮುಗಿಯುತ್ತಿದ್ದ ಹೊತ್ತಿಗೇ ಉಣ್ಣುವ ಬಾಯಿಗಳು ನೂರಾರಾದವು, 1900ರ ಬರದ ನಂತರ ಸಾವಿರ ದಾಟಿದವು. ಬ್ರಿಸ್ಟಲ್‌ನ ಜಾರ್ಜ್ ಮುಲ್ಲರ್ ಅವರ ಅನಾಥಾಲಯದ ಮಾದರಿಯಲ್ಲಿ, ಪ್ರಾರ್ಥನೆಯನ್ನೇ ನೆಚ್ಚಿ ನಡೆಸುತ್ತೇನೆಂದು ಅವರು ತೀರ್ಮಾನಿಸಿದರು. ಆದರೆ ಕೈಕಟ್ಟಿ ಕೂತವರಲ್ಲ: ಬಾವಿ ತೋಡಿಸಿದರು, ಬೇಸಾಯ ಮಾಡಿಸಿದರು, ಅಚ್ಚುಕೂಟ ಹಾಕಿ ಹುಡುಗಿಯರಿಗೆ ಮೊಳೆ ಜೋಡಿಸುವುದನ್ನು ಕಲಿಸಿದರು. ವಾಗ್ದಾನವನ್ನು ನಂಬಿದವರು ದುಡಿಮೆ ಬಿಡುತ್ತಾರೆ ಎಂಬ ಹಳೆಯ ಆಕ್ಷೇಪಕ್ಕೆ ಕೆಡಗಾಂವ್‌ನ ಬಾವಿಗಳೇ ಉತ್ತರ.

ನಾಸಿಕದಲ್ಲಿ ಓದಿ ಬೆಳೆದ ಕವಿ ನಾರಾಯಣ ವಾಮನ ತಿಲಕರು 1895ರ ಫೆಬ್ರವರಿ 10ರಂದು ದೀಕ್ಷಾಸ್ನಾನ ಪಡೆದವರು. ಅವರೂ 1917ರಲ್ಲಿ ಮಿಷನಿನ ಸಂಬಳದ ಕೆಲಸ ಬಿಟ್ಟು ‘ದೇವರ ದರ್ಬಾರ್’ ಎಂಬ ಬಳಗ ಕಟ್ಟಿದರು. ದೀಕ್ಷಾಸ್ನಾನ ಆದವರಿಗೂ ಆಗದವರಿಗೂ ಅಲ್ಲಿ ಜಾಗವಿತ್ತು. ಮಿಷನಿನ ಅನ್ನವನ್ನೂ ದೇವರ ವಾಗ್ದಾನವನ್ನೂ ಬೇರ್ಪಡಿಸಿ ನೋಡುವ ಒತ್ತಡ ಹೊರಗಿನ ಟೀಕಾಕಾರರಿಂದ ಮಾತ್ರ ಬರಲಿಲ್ಲ. ವಿಶ್ವಾಸಿಗಳ ಒಳಗಿನಿಂದಲೂ ಬಂತು ಎಂಬುದಕ್ಕೆ ತಿಲಕರ ನಡೆ ಗಟ್ಟಿ ಆಧಾರ.

ಕನ್ನಡ ನಾಡಿಗೆ ರಮಾಬಾಯಿಯವರ ಬದುಕಿನ ಎಳೆ ಮರಳಿದ್ದು ಕಲಬುರಗಿಯ ಮೂಲಕ. ಜಾಲ್ನಾದಂತೆಯೇ ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಆ ಊರಿನಲ್ಲಿ 1912ರ ಸುಮಾರಿಗೆ ಕ್ರೈಸ್ತ ಪ್ರೌಢಶಾಲೆ ಆರಂಭವಾಗುವುದಕ್ಕೆ ಮನೋರಮಾ ದುಡಿದರು. ತಾಯಿಯ ನಂತರ ಎಲ್ಲವನ್ನೂ ನೋಡಿಕೊಳ್ಳಬೇಕಾಗಿದ್ದ ಮಗಳು 1921ರಲ್ಲಿ ತೀರಿಕೊಂಡರು. ಬೇತೇಲಿನ ಯಾಕೋಬನಂತೆ ಷರತ್ತು ಹಾಕಿದ್ದರೆ ರಮಾಬಾಯಿಯವರ ವಿಶ್ವಾಸ ಅಲ್ಲಿಗೆ ಎರಡನೆಯ ಸಲ ಮುರಿಯಬೇಕಿತ್ತು. ಆದರೆ ಹೀಬ್ರೂ ಮತ್ತು ಗ್ರೀಕ್ ಮೂಲದಿಂದ ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ಬೈಬಲನ್ನು ತರುವ ಕೆಲಸವನ್ನು ಅವರು ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರು ತೀರಿಕೊಂಡ ಎರಡು ವರ್ಷಕ್ಕೆ, 1924ರಲ್ಲಿ, ಆ ಇಡೀ ಬೈಬಲ್ ಮುಕ್ತಿ ಸದನದ ಅಚ್ಚುಕೂಟದಿಂದ ಹೊರಬಂತು.